ಕಲ್ಲಿಗೂ ಸತ್ಯ ಉಂಟೇ?

ಪ್ರಶ್ನೆ: ನಮ್ಮ ಅಜ್ಜಿ ತೋಟದ ಮೂಲೆಯ ಕಲ್ಲೊಂದನ್ನು ತೋರಿಸಿ ‘ಅದಕ್ಕೆ ಸತ್ಯ ಉಂಟು, ಅಲ್ಲಿ ನಿಂತು ಸುಳ್ಳು ಹೇಳಬಾರದು’ ಎನ್ನುತ್ತಿದ್ದರು. ಸತ್ಯ ಎಂದರೆ ನಿಜ ಹೇಳುವುದು ಎಂದು ಶಾಲೆಯಲ್ಲಿ ಕಲಿತವರು ನಾವು. ಮಾತೇ ಆಡದ ಕಲ್ಲಿಗೆ ಸತ್ಯ ಇರುವುದು ಹೇಗೆ? ತುಳುವಿನಲ್ಲಿ ದೈವಗಳನ್ನು ‘ಸತ್ಯೊಲು’ ಎನ್ನುವುದೂ ಇದೇ ಪದವೇ? ಅಜ್ಜಿಯ ಮಾತುಗಳನ್ನು ಕನ್ನಡದಲ್ಲಿ ಬರೆದಿಡುತ್ತಿದ್ದೇನೆ. ‘ಶಕ್ತಿ’ ಎಂದು ಬದಲಾಯಿಸಿದರೆ ತಪ್ಪೇ?
(ಓದುಗರು, ಕಾಣಿಯೂರು, ಕಡಬ ತಾಲ್ಲೂಕು)

ಉತ್ತರ: ಹೌದು, ಇದೇ ಪದ. ದಯವಿಟ್ಟು ಬದಲಾಯಿಸಬೇಡಿ. ‘ಶಕ್ತಿ’ ಎಂದು ಬರೆದರೆ ಅಜ್ಜಿಯ ಮಾತಿನ ಅರ್ಧ ಭಾಗ ಬಿದ್ದುಹೋಗುತ್ತದೆ, ಅದರಲ್ಲೂ ಬೆಲೆಬಾಳುವ ಅರ್ಧ. ಏಕೆಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಿಮ್ಮ ಕಡೆಯ ಆಡುಮಾತಿನಲ್ಲಿ ಈ ಪದ ಮೂರು ಹೆಜ್ಜೆ ಇಡುತ್ತದೆ. ಅಡಿಕೆ ಧಾರಣೆ ಇಳಿಯಿತಂತೆ ಎಂದು ಯಾರಾದರೂ ಹೇಳಿದರೆ ‘ಸತ್ಯವಾ?’ ಎಂದು ಕೇಳುತ್ತೇವೆ. ತುಳುವಿನಲ್ಲಾದರೆ ಬರೀ ‘ಅಂದಾ?’ ಎಂದರೂ ಆಯಿತು. ಇದು ಸುದ್ದಿಯ ಸತ್ಯ, ಶಾಲೆಯಲ್ಲಿ ಕಲಿತದ್ದು. ಎರಡನೆಯದು ಅಜ್ಜಿಯದು: ‘ಆ ಕಲ್ಲಿಗೆ ಸತ್ಯ ಉಂಟು’, ‘ಆ ಜಾಗೆಗೆ ಸತ್ಯ ಉಂಟು’. ಇಲ್ಲಿ ವಿಭಕ್ತಿ ಬದಲಾದದ್ದನ್ನು ಗಮನಿಸಿ. ಸುದ್ದಿ ಸತ್ಯವಾಗಿರುತ್ತದೆ, ಆದರೆ ಕಲ್ಲಿಗೆ ಸತ್ಯ ‘ಉಂಟು’. ಸತ್ಯ ಇಲ್ಲಿ ಕಲ್ಲಿನ ಸ್ವತ್ತು. ಮೂರನೆಯ ಹೆಜ್ಜೆಯಲ್ಲಿ ಸ್ವತ್ತೂ ಒಡೆಯನೂ ಒಂದೇ ಆಗುತ್ತಾರೆ: ದೈವವೇ ‘ಸತ್ಯೊ’, ಹಲವು ದೈವಗಳು ‘ಸತ್ಯೊಲು’. ದೈವದ ಕೋಲದ ಕಳದಲ್ಲಿ ಮದಿಪು (ಬಿನ್ನಹ) ಹೇಳುವಾಗ, ತಂಬಿಲದ ಪೂಜೆಯಲ್ಲಿ ಕೈಮುಗಿಯುವಾಗ ಈ ಹೆಸರಿನಿಂದಲೇ ಕರೆಯುತ್ತಾರೆ. ಕಲ್ಲುರ್ಟಿ ‘ಸತ್ಯದೇವತೆ’. ತುಳುವಿನ ಹಾಡುಗಥೆಯಾದ ಪಾಡ್ದನದಲ್ಲಿ ಸಿರಿ ಎಂಬ ನಾಯಕಿ ಹುಟ್ಟಿದ ಊರು ‘ಸತ್ಯನಾಪುರ’.

ಇದು ಕರಾವಳಿಗಷ್ಟೇ ಸೇರಿದ ಬಳಕೆಯೆಂದು ತಿಳಿಯಬೇಡಿ. ಘಟ್ಟದ ಮೇಲೆ, ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ, ‘ಸತ್ಯುಳ್ಳ ದೇವರು’, ‘ಸತ್ಯುಳ್ಳ ತಾಯಿ’ ಎನ್ನುವವರಿದ್ದಾರೆ. ಸುಳ್ಳು ಹೇಳದ ದೇವರು ಎಂಬುದಷ್ಟೇ ಅದರ ಅರ್ಥವಲ್ಲ. ಕರೆದರೆ ಓಗೊಡುವ, ಹರಕೆಯನ್ನೂ ಮರೆಯದ ತಪ್ಪನ್ನೂ ಮರೆಯದ ದೇವರು ಎಂಬುದು ಅವರ ಮನಸ್ಸಿನಲ್ಲಿರುವುದು. ಆದರೆ ತುಳುನಾಡಿನಲ್ಲಿ ಈ ಅರ್ಥ ಬೆಳೆದಷ್ಟು ಬೇರೆಲ್ಲೂ ಬೆಳೆದದ್ದು ನನಗೆ ಕಾಣದು.

ಕನ್ನಡಿಗರ ಬಳಿ ಇದಕ್ಕೆ ಹಲವು ಪದಗಳಿವೆ. ‘ದಿಟ’ ಎಂಬುದು ಸಂಸ್ಕೃತದ ‘ದೃಷ್ಟ’ ಪ್ರಾಕೃತದ ದಾರಿಯಾಗಿ ಬಂದ ರೂಪ: ಕಣ್ಣಾರೆ ಕಂಡದ್ದು. ‘ನಿಜ’ಕ್ಕೆ ಸಂಸ್ಕೃತದಲ್ಲಿ ತನ್ನದು, ಸಹಜವಾದದ್ದು ಎಂಬ ಅರ್ಥ, ಕನ್ನಡ ಮತ್ತು ತೆಲುಗಿಗೆ ಬಂದ ಮೇಲೆ ಅದು ಸುಳ್ಳಿನ ಎದುರಾಳಿಯಾಯಿತು. ಧಾರವಾಡದ ‘ಖರೆ’ ಮರಾಠಿಯ ನೆಂಟ. ‘ಸತ್ಯ’ದ ಬೇರು ‘ಸತ್’, ಅಂದರೆ ಇರುವುದು. ‘ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ’ ಎಂಬ ಗಾದೆಯಲ್ಲಿರುವ ‘ಇದ್ದದ್ದು’ ಸತ್ಯದ ಅಚ್ಚಗನ್ನಡ ರೂಪವೇ ಸರಿ.

ಇವುಗಳ ನಡುವೆ ನಾವು ಕಳೆದುಕೊಂಡ ಒಂದು ಪದವಿದೆ, ‘ನನ್ನಿ’. ಹಳಗನ್ನಡದಲ್ಲಿ ಸತ್ಯಕ್ಕೆ ಇದೇ ಹೆಸರು, ಪ್ರೀತಿಗೂ ಇದೇ. ‘ನಲ್’ ಎಂಬ ಒಳ್ಳೆಯತನದ ಬೇರಿನಿಂದ ಬಂದದ್ದು; ತಮಿಳಿನ ‘ನನ್ಱಿ’ ಇದರ ಒಡಹುಟ್ಟು, ಅಲ್ಲಿ ಅದು ಉಪಕಾರ, ಕೃತಜ್ಞತೆ. ರಾಜರು ಇದನ್ನು ಬಿರುದಾಗಿ ಹೊತ್ತರು. ಗಂಗರ ಇಮ್ಮಡಿ ಬೂತುಗ ‘ನನ್ನಿಯ ಗಂಗ’ನಾದ, ಹೊಂಬುಜದ ಸಾಂತರರಲ್ಲಿ 11ನೇ ಶತಮಾನದ ‘ನನ್ನಿ ಸಾಂತರ’ನಿದ್ದ. ಗಂಗರ ಹಲವು ಅರಸರಿಗೆ ‘ಸತ್ಯವಾಕ್ಯ’ ಎಂಬ ಬಿರುದೂ ಇತ್ತು. ಸುಳ್ಯಕ್ಕೆ ಗಡಿಯಾದ ಕೊಡಗಿನ ಬಿಳಿಯೂರಿನ 9ನೇ ಶತಮಾನದ ಶಾಸನದಲ್ಲಿ ಆ ಬಿರುದಿನ ದೊರೆ ಸಿಗುತ್ತಾನೆ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದ ಪಂಪ ಛಲಕ್ಕೆ ದುರ್ಯೋಧನನನ್ನು ಹೆಸರಿಸಿ, ನನ್ನಿಗೆ ಕರ್ಣನನ್ನು ಹೆಸರಿಸುತ್ತಾನೆ. ಧರ್ಮರಾಯನನ್ನಲ್ಲ, ಕರ್ಣನನ್ನು! ಕರ್ಣನ ಹಿರಿಮೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರಲ್ಲಿಲ್ಲ. ಹುಟ್ಟಿನ ಗುಟ್ಟು ತಿಳಿದ ಮೇಲೂ ಅನ್ನವಿಟ್ಟವನ ಕೈ ಬಿಡದೆ ನಿಂತದ್ದರಲ್ಲಿದೆ. ಕೊಟ್ಟ ಮಾತಿಗೆ ಬಾಳನ್ನು ಒತ್ತೆಯಿಡುವುದು ನನ್ನಿ. ಹಳಗನ್ನಡದ ಈ ನನ್ನಿಗೆ ತುಳುವರ ಸತ್ಯ ಬಹಳ ಹತ್ತಿರ.

ನಿಮ್ಮ ಊರಿಗೆ ಈ ಪದದ ಇನ್ನೊಂದು ನಂಟೂ ಇದೆ. ಉಡುಪಿಯ ಅಷ್ಟಮಠಗಳಲ್ಲಿ ಒಂದಕ್ಕೆ ಕಾಣಿಯೂರಿನ ಹೆಸರು. ಆ ಮಠಗಳನ್ನು ಕಟ್ಟಿದ ಮಧ್ವಾಚಾರ್ಯರ ಸಿದ್ಧಾಂತದ ಆಧಾರಗಳಲ್ಲಿ ಒಂದು ‘ಜಗತ್ತು ಸತ್ಯ’ ಎಂಬುದು. ಕಾಣುವ ಮಣ್ಣು, ನೀರು, ಜೀವ ಯಾವುದೂ ತೋರಿಕೆಯಲ್ಲ, ಇರುವಂಥದ್ದೇ ಎಂದು ಅದರ ಅರ್ಥ. ಅಲ್ಲಿಯೂ ಸತ್ಯ ಮಾತಿನ ಗುಣವಲ್ಲ, ಇರವಿನ ಗುಣ. ಮಠದ ಪಾಠ ಮತ್ತು ಕೋಲದ ಕಳ ಇವೆರಡರಲ್ಲಿ ಒಂದರಿಂದ ಇನ್ನೊಂದು ಕಲಿಯಿತೆಂದು ನಾನು ಹೇಳುತ್ತಿಲ್ಲ. ಒಂದೇ ಊರಿನ ಹೆಸರಿನ ಸುತ್ತ ಈ ಪದದ ಹಳೆಯ ಅರ್ಥ ಎರಡು ಕಡೆ ಉಳಿದಿದೆ ಎಂಬುದೇ ನನಗೆ ದೊಡ್ಡ ಸಂತೋಷ.

ಆದರೂ ‘ಇರುವುದು’ ಎಂಬಷ್ಟಕ್ಕೆ ಅಜ್ಜಿಯ ಮಾತು ಮುಗಿಯುವುದಿಲ್ಲ. ಇರುವ ಕಲ್ಲುಗಳು ಸಾವಿರ, ಸತ್ಯ ಇರುವುದು ಒಂದಕ್ಕೆ. ಅದೇಕೆ ಎಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ಪಡುಮಲೆ, ಪಂಜ, ಎಣ್ಮೂರು ಎಲ್ಲವೂ ನಿಮ್ಮ ಸುತ್ತಮುತ್ತಲಿನವೇ. ಕೋಟಿ ಚೆನ್ನಯರ ಕಥೆ ನಿಮಗೆ ಹೊಸದಲ್ಲ, ಪಂಜೆ ಮಂಗೇಶರಾಯರು ಅದನ್ನು ಕನ್ನಡದಲ್ಲಿ ಬರೆದೂ ಇದ್ದಾರೆ. ಅದನ್ನೊಮ್ಮೆ ಮಾತಿನ ಕಥೆಯಾಗಿ ನೋಡಿ. ಪಡುಮಲೆಯ ಪೆರುಮಾಳೆ ಬಲ್ಲಾಳನ ಕಾಲಿಗೆ ಮುಳ್ಳು ಹೊಕ್ಕು, ಗಾಯ ಕೀವಾಗಿ ಅವನು ಸಾವಿನಂಚಿಗೆ ಹೋಗುತ್ತಾನೆ. ತುಂಬು ಬಸುರಿ ದೇಯಿ ಬೈದೆತಿ ಬಂದು ಮದ್ದು ಮಾಡಿ ಬದುಕಿಸುತ್ತಾಳೆ. ಅವಳಿಗೂ ಅವಳ ಹೊಟ್ಟೆಯಲ್ಲಿದ್ದವರಿಗೂ ಬಲ್ಲಾಳ ಮಾತು ಕೊಡುತ್ತಾನೆ. ಅವಳಿ ಮಕ್ಕಳು ಹುಟ್ಟುತ್ತಾರೆ, ತಾಯಿ ಉಳಿಯುವುದಿಲ್ಲ. ಬೆಳೆದ ಮಕ್ಕಳು ಆ ಮಾತನ್ನು ನೆನಪಿಸಿದಾಗ ಬಲ್ಲಾಳ ಜಾರಿಕೊಳ್ಳುತ್ತಾನೆ. ಅವರು ಪಡುಮಲೆ ಬಿಡುವುದು ಅಲ್ಲಿಂದಲೇ. ಪಂಜದಲ್ಲಿ ಅಕ್ಕ ಕಿನ್ನಿದಾರುವಿನ ಮನೆ, ಅಲ್ಲಿ ಸೆರೆ, ಆಮೇಲೆ ಎಣ್ಮೂರಿನ ದೇವ ಬಲ್ಲಾಳನ ಆಸರೆ, ಕೊನೆಗೆ ಯುದ್ಧ. ಆಸರೆ ಕೊಟ್ಟವನಿಗಾಗಿ ಹೋರಾಡಿ ಎಣ್ಮೂರಿನಲ್ಲಿ ಕೋಟಿ ಬೀಳುತ್ತಾನೆ. ಅಣ್ಣನಿಲ್ಲದೆ ಬದುಕಲಾರೆನೆಂದು ಚೆನ್ನಯ ಕಲ್ಲಿಗೆ ತಲೆ ಅಪ್ಪಳಿಸಿ ಪ್ರಾಣ ಬಿಡುತ್ತಾನೆ.

ಮಾತು ಕೊಟ್ಟು ತಪ್ಪಿದವನು ಬಲ್ಲಾಳ, ಕೇಳಿ ನಿಂತವರು ಬೈದ್ಯರ ಮಕ್ಕಳು. ಗರಡಿ ಎಂಬ ಆರಾಧನೆಯ ಗುಡಿಗಳು ಎದ್ದದ್ದು ಯಾರಿಗೆ? ಅರಮನೆ ಪಟ್ಟ ಇದ್ದ ಬಲ್ಲಾಳನಿಗಲ್ಲ. ಬಲ್ಲಾಳನಲ್ಲಿ ಶಕ್ತಿ ಇತ್ತು, ಸತ್ಯ ಇರಲಿಲ್ಲ. ನೀವು ‘ಶಕ್ತಿ’ ಎಂದು ಬದಲಾಯಿಸಬಾರದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನ್ನ ಬಳಿ ಇಲ್ಲ.

ಕಲ್ಲುರ್ಟಿಯ ಕಥೆಯೂ ಇದೇ ದಾರಿಯಲ್ಲಿದೆ. ಕಾರ್ಕಳದಲ್ಲಿ 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ ಗೊಮ್ಮಟ ಇಂದಿಗೂ ಬಂಡೆಯ ಮೇಲೆ ನಿಂತಿದ್ದಾನೆ. ಆ ಮೂರ್ತಿಯನ್ನು ಕಡೆದವನು ಕಲ್ಕುಡ ಎನ್ನುತ್ತದೆ ಪಾಡ್ದನ. ಇಂಥದ್ದು ಬೇರೆಲ್ಲೂ ಆಗಬಾರದೆಂದು ಅರಸ ಅವನ ಒಂದು ಕೈ ಒಂದು ಕಾಲು ಕಡಿಸುತ್ತಾನೆ. ಉಳಿದ ಕೈಯಲ್ಲೇ ಅವನು ವೇಣೂರಿನಲ್ಲಿ ಇನ್ನೊಂದು ಗೊಮ್ಮಟನನ್ನು ಕಡೆಯುತ್ತಾನೆ. ಇತಿಹಾಸದ ಪ್ರಕಾರ ವೇಣೂರಿನ ಮೂರ್ತಿ ನಿಂತದ್ದು 1604ರಲ್ಲಿ, ಅಜಿಲ ಅರಸರ ಕಾಲದಲ್ಲಿ. ನಡುವೆ 172 ವರ್ಷ ಇವೆ. ಪಾಡ್ದನ ಕಟ್ಟಿದವರಿಗೆ ಆ ಲೆಕ್ಕ ಮುಖ್ಯವಲ್ಲ. ಕೈ ಕಡಿದರೂ ಕೆಲಸ ನಿಲ್ಲದು ಎಂಬುದು ಅವರಿಗೆ ಮುಖ್ಯ. ಅಣ್ಣನನ್ನು ಹುಡುಕಿ ಬಂದ ತಂಗಿ ಕಲ್ಲುರ್ಟಿ ನ್ಯಾಯ ಕೇಳುತ್ತಾಳೆ, ಇಬ್ಬರೂ ಮಾಯವಾಗಿ ದೈವಗಳಾಗುತ್ತಾರೆ, ಕಾರ್ಕಳದ ಅರಮನೆಗೆ ನೆಮ್ಮದಿ ಇಲ್ಲದಾಗುತ್ತದೆ. ಅವಳಿಗೆ ಊರು ಕೊಟ್ಟ ಹೆಸರು ಸತ್ಯದೇವತೆ. ಕೂಲಿಯವನ ತಂಗಿಗೆ ಸಿಕ್ಕ ಈ ಹೆಸರನ್ನು ನಾನು ಯಾವ ರಾಜಬಿರುದಿಗಿಂತಲೂ ಎತ್ತರದಲ್ಲಿ ಇಡುತ್ತೇನೆ.

ಈಗ ಕಲ್ಲಿಗೆ ಬರೋಣ. ಯಾರೋ ಅಲ್ಲಿ ನಿಂತು ಮಾತು ಕೊಟ್ಟಿದ್ದಾರೆ, ಹರಕೆ ಹೇಳಿದ್ದಾರೆ, ಗಡಿ ತೋರಿಸಿ ಇಷ್ಟು ನನ್ನದು ಇಷ್ಟು ನಿನ್ನದು ಎಂದು ಒಪ್ಪಿದ್ದಾರೆ. ಆ ಮಾತಿಗೆ ಕಲ್ಲು ಸಾಕ್ಷಿ, ಮುರಿದವರನ್ನು ಅದು ಕೇಳದೆ ಬಿಡದು ಎಂಬ ನಂಬಿಕೆ. ಧರ್ಮಸ್ಥಳದ ವಿಷಯದಲ್ಲಿ ನಾಡೆಲ್ಲ ಹೇಳುವ ‘ಮಾತು ಬಿಡ ಮಂಜುನಾಥ, ಕಾಸು ಬಿಡ ತಿಮ್ಮಪ್ಪ’ ಎಂಬ ಗಾದೆಯೂ ಇದೇ ನೆಲೆಯದು. ಕಾಸರಗೋಡಿನ ಕಾನತ್ತೂರು ನಾಲ್ವರ್ ದೈವಸ್ಥಾನಕ್ಕೆ ಪಾಲಿನ ತಕರಾರು, ಸಾಲದ ಜಗಳ, ಕಳವಿನ ಆಪಾದನೆ ಹೊತ್ತು ಜನ ಹೋಗುವುದೂ ಇದಕ್ಕೇ. ‘ಪ್ರಮಾಣ’ ಎಂಬ ಪದವನ್ನೇ ನೋಡಿ, ಅದು ಆಣೆಯೂ ಹೌದು, ಪುರಾವೆಯೂ ಹೌದು, ಅಳತೆಯೂ ಹೌದು.

ಸರ್ಕಾರದ ಕಾನೂನಿಗೂ ಒಂದು ಕಾಲದಲ್ಲಿ ಇದು ಹೊರಗಿನದಾಗಿರಲಿಲ್ಲ. ಬ್ರಿಟಿಷರ 1873ರ ಪ್ರಮಾಣ ಕಾಯ್ದೆಯಲ್ಲಿ, ತನ್ನ ಜನ ನಂಬುವ ರೀತಿಯಲ್ಲಿ ಎದುರಾಳಿ ಆಣೆ ಮಾಡಿದರೆ ಅದಕ್ಕೆ ಬದ್ಧನಾಗುತ್ತೇನೆ ಎಂದು ಕಕ್ಷಿದಾರ ಹೇಳಬಹುದಿತ್ತು, ಹಾಗೆ ಆಣೆಯಿಟ್ಟು ಹೇಳಿದ್ದು ಆ ವಿಷಯದಲ್ಲಿ ಕೊನೆಯ ಪುರಾವೆಯಾಗುತ್ತಿತ್ತು. 1969ರ ಹೊಸ ಕಾಯ್ದೆ ಆ ಅಂತಿಮ ಬಲವನ್ನು ತೆಗೆದುಹಾಕಿತು. ತನ್ನವರ ರೀತಿಯಲ್ಲಿ ಆಣೆ ಮಾಡಲು ಸಾಕ್ಷಿಗೆ ಇರುವ ಅವಕಾಶ ಮಾತ್ರ ಉಳಿಯಿತು. ತೆಗೆದದ್ದು ಸರಿಯೆಂದೇ ನನ್ನ ಅಭಿಪ್ರಾಯ. ಕಾಗದ ಪತ್ರ ಇಲ್ಲದ ಬಡವನಿಗೆ ದೈವದ ನಡೆ ಒಂದು ನ್ಯಾಯಾಲಯವಾಗಿತ್ತು ಎಂಬುದು ನಿಜ. ಹಾಗೆಯೇ, ಬಲವಿದ್ದವನು ಬಲವಿಲ್ಲದವನನ್ನು ‘ಬಾ, ಆಣೆ ಮಾಡು’ ಎಂದು ಎಳೆದೊಯ್ದು ಹೆದರಿಸಿದ್ದೂ ಇದೇ ನಂಬಿಕೆಯ ಹೆಸರಿನಲ್ಲಿ.

ಸತ್ಯ ಎಂಬುದು ಕೆಲಸ ಮಾಡುವ ವಸ್ತು, ಹೇಳಿದರೆ ಲೋಕದಲ್ಲಿ ಏನಾದರೂ ನಡೆಯುತ್ತದೆ ಎಂಬ ಭಾವನೆ ಭಾರತದಲ್ಲಿ ತುಂಬ ಹಳೆಯದು. ಪಾಲಿ ಬೌದ್ಧ ಗ್ರಂಥಗಳಲ್ಲಿ ಇದಕ್ಕೆ ‘ಸಚ್ಚಕಿರಿಯ’, ಸತ್ಯಕ್ರಿಯೆ ಎಂದು ಹೆಸರು. ಹೆರಿಗೆಯ ನೋವಿನಲ್ಲಿದ್ದ ಹೆಂಗಸಿನ ಮುಂದೆ ಅಂಗುಲಿಮಾಲ ನಿಲ್ಲುತ್ತಾನೆ. ಹಿಂದೆ ಕೊಲೆಗಾರನಾಗಿದ್ದವನು ಈಗ ಭಿಕ್ಷು. ಈ ಹೊಸ ಹುಟ್ಟಿನ ಮೇಲೆ ತಿಳಿದು ಒಂದು ಜೀವವನ್ನೂ ಕೊಂದಿಲ್ಲ, ಆ ಸತ್ಯದಿಂದ ನಿನಗೂ ಮಗುವಿಗೂ ಒಳ್ಳೆಯದಾಗಲಿ ಎನ್ನುತ್ತಾನೆ; ಹಾಗೆಯೇ ಆಗುತ್ತದೆ. ತುಳು ಪಾಡ್ದನಗಳಲ್ಲಿ ನೊಂದವರು ‘ಸತ್ಯ ಇತ್ತ್‌ಂಡ’, ಅಂದರೆ ಸತ್ಯ ಇರುವುದಾದರೆ, ಎಂದು ಬೇಡುವ ಕಡೆಯೆಲ್ಲ ಇದೇ ಕ್ರಿಯೆ ನಡೆಯುತ್ತಿರುತ್ತದೆ. ಸಿರಿಯ ಬಾಳಿನಲ್ಲಿ ಇದು ಎದ್ದು ಕಾಣುತ್ತದೆ. ಬಸರೂರಿನ ಗಂಡ ಕಾಂತು ಪೂಂಜನಿಂದ ನೊಂದು ಅವನನ್ನು ಬಿಟ್ಟು ನಡೆದವಳು ಅವಳು. ಅವಳ ಕೈಯಲ್ಲಿ ಆಯುಧವಿಲ್ಲ, ಬೆನ್ನಿಗೆ ಬಂಧುಗಳಿಲ್ಲ. ಇದ್ದದ್ದು ಸತ್ಯನಾಪುರದವಳು ಎಂಬ ನೆಲೆ. ಉಜಿರೆ ಸಮೀಪದ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಮಹಾಕಾವ್ಯವನ್ನು 1990ರಲ್ಲಿ ಫಿನ್‌ಲೆಂಡಿನ ವಿದ್ವಾಂಸ ಲೌರಿ ಹೋಂಕೊ, ನಮ್ಮ ಬಿ. ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರೊಡನೆ ದಾಖಲಿಸಿದರು. 15,683 ಸಾಲುಗಳ ಆ ಪಠ್ಯ 1998ರಲ್ಲಿ ಅಚ್ಚಾಯಿತು. ನಿಮ್ಮಂತೆ ಹಿರಿಯರ ಮಾತು ಬರೆದಿಡುವವರು ಅದನ್ನೊಮ್ಮೆ ಹುಡುಕಿ ನೋಡಬೇಕು.

ಹೊರಗಿನವರು ಇದೇ ದೈವಗಳನ್ನು ಹೇಗೆ ಬರೆದರು ಎಂಬುದನ್ನೂ ಹೇಳಬೇಕು, ಏಕೆಂದರೆ ಪದ ಬದಲಾಯಿಸಿದರೆ ಏನಾಗುತ್ತದೆ ಎಂಬುದಕ್ಕೆ ಅದು ಉದಾಹರಣೆ. ಈ ಜಿಲ್ಲೆಯಲ್ಲಿ ಅಧಿಕಾರಿಯಾಗಿದ್ದ ಎ. ಸಿ. ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳು ಅವರು ತೀರಿಕೊಂಡ ಮೇಲೆ, 1894ರಿಂದ, ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಕಂತು ಕಂತಾಗಿ ಬಂದವು. ತುಳುವರ ‘ಪಿಶಾಚಿ ಪೂಜೆ’ ಎಂಬುದು ಆ ಸರಣಿಯ ತಲೆಬರಹ. ಆ ಸಂಗ್ರಹ ಇಲ್ಲದಿದ್ದರೆ ಎಷ್ಟೋ ಪಾಠಗಳು ಉಳಿಯುತ್ತಿರಲಿಲ್ಲ, ಅದಕ್ಕೆ ನಾವು ಋಣಿಗಳು. ಆದರೆ ನಂಬಿದವರು ಸತ್ಯ ಎಂದು ಕರೆದದ್ದನ್ನು ಪಿಶಾಚಿ ಎಂದು ಅಚ್ಚು ಹಾಕಿದಾಗ ಓದುವ ಲೋಕಕ್ಕೆ ತಲುಪಿದ್ದು ಭಯ ಮಾತ್ರ, ನ್ಯಾಯವಲ್ಲ. ‘ಭೂತ’ ಎಂಬ ಪದಕ್ಕೂ ಇದೇ ಗತಿ ಬಂತು. ‘ಭೂ’ ಎಂದರೆ ಆಗು, ಇರು. ಭೂತ ಎಂದರೆ ಆದದ್ದು, ಇದ್ದದ್ದು. ಬೇರಿನಲ್ಲಿ ಭೂತವೂ ಸತ್ಯವೂ ಒಂದೇ ಮಾತನ್ನು ಹೇಳುತ್ತವೆ. ಇಂದು ಒಂದು ಪದ ಮಕ್ಕಳನ್ನು ಹೆದರಿಸಲು, ಇನ್ನೊಂದು ಪದ ಕಚೇರಿಯ ಗೋಡೆಗೆ.

ಇನ್ನೊಂದು ಮಾತು ನನ್ನ ಮನಸ್ಸನ್ನು ಬಹಳ ಕಾಲದಿಂದ ಕೊರೆಯುತ್ತಿದೆ. ಸತ್ಯ ನುಡಿಯಾಗಿ ಹೊರಡುವುದು ಯಾರ ಬಾಯಿಂದ? ನಲಿಕೆ, ಪರವ, ಪಂಬದ ಸಮುದಾಯಗಳವರ ಬಾಯಿಂದ. ಗಗ್ಗರ ಕಟ್ಟಿ, ಅಣಿ ಹೊತ್ತು ನಿಂತಾಗ ಗುತ್ತಿನ ಯಜಮಾನನೂ ಅವರ ಮುಂದೆ ಕೈಕಟ್ಟಿ ನಿಲ್ಲುತ್ತಾನೆ, ತಪ್ಪಿದ್ದನ್ನು ಒಪ್ಪಿಕೊಳ್ಳುತ್ತಾನೆ. ಬಣ್ಣ ತೊಳೆದ ಮೇಲೆ ಅದೇ ಮನುಷ್ಯ ಅಂಗಳದ ಹೊರಗೆ. ತಲೆಮಾರುಗಳ ಕಾಲ ಇದು ಹೀಗೆಯೇ ನಡೆಯಿತು, ಎಷ್ಟೋ ಕಡೆ ಇನ್ನೂ ಪೂರ್ತಿ ಹೋಗಿಲ್ಲ. 2022ರಲ್ಲಿ ರಾಜ್ಯ ಸರ್ಕಾರ 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿತು. ಅದು ಬೇಕಾದದ್ದೇ. ಆದರೆ ಕಲ್ಲಿಗೆ ಸತ್ಯ ಉಂಟು ಎಂದು ನಂಬುವ ನಾವು, ಆ ಸತ್ಯವನ್ನು ನಾಲಗೆಯ ಮೇಲೆ ಹೊತ್ತವನಿಗೆ ಊಟದ ಪಂಕ್ತಿಯಲ್ಲಿ ಜಾಗ ಕೊಡದಿದ್ದರೆ, ಬಲ್ಲಾಳನ ಸಾಲಿಗೇ ಸೇರುತ್ತೇವೆ.

ಇನ್ನು ನಿಮ್ಮ ಬರಹದ ವಿಷಯ. ಅಜ್ಜಿ ಕನ್ನಡದಲ್ಲಿ ‘ಸತ್ಯ ಉಂಟು’ ಎಂದಿದ್ದರೆ ಹಾಗೆಯೇ ಬರೆಯಿರಿ, ‘ಸತ್ಯವಿದೆ’ ಎಂದು ತಿದ್ದಬೇಡಿ. ‘ಉಂಟು’ ಹೇಳುವ ನೆಲೆಸಿದ ಇರವನ್ನು ‘ಇದೆ’ ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ. ತುಳುವಿನಲ್ಲಿ ಹೇಳಿದ್ದರೆ ‘ಸತ್ಯೊ’, ‘ಸತ್ಯೊಲು’ ಎಂಬ ಒಕಾರ ಉಳಿಸಿ, ಮೊದಲ ಸಲ ಬಂದಾಗ ಒಂದು ಸಾಲಿನ ವಿವರಣೆ ಕೊಟ್ಟರೆ ಘಟ್ಟದ ಮೇಲಿನ ಓದುಗರಿಗೂ ತಿಳಿಯುತ್ತದೆ. ‘ಕಾರ್ಣಿಕ’ ಎಂಬ ಪದವನ್ನೂ ಅವರು ಬಳಸಿರಬಹುದು. ಅದು ದೈವ ತೋರಿಸುವ ಪವಾಡದ ಬಲ. ಸತ್ಯಕ್ಕೆ ಬದಲಿ ಪದವಲ್ಲ, ಎರಡನ್ನೂ ಬೇರೆಬೇರೆಯಾಗಿ ದಾಖಲಿಸಿ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ಆರು ಸಂಪುಟಗಳಲ್ಲಿ ಹೊರತಂದ, ಯು. ಪಿ. ಉಪಾಧ್ಯಾಯರ ಸಂಪಾದಕತ್ವದ ತುಳು ನಿಘಂಟು ಹತ್ತಿರದ ಗ್ರಂಥಾಲಯದಲ್ಲಿ ಸಿಕ್ಕರೆ ಅಜ್ಜಿಯ ಒಂದೊಂದು ಪದವನ್ನೂ ಅದರೊಡನೆ ಹೋಲಿಸಿ. ಅದರಲ್ಲಿಲ್ಲದ್ದು ಸಿಕ್ಕರೆ ಇನ್ನೂ ಒಳ್ಳೆಯದು. ತೋಟದ ಮೂಲೆಯ ಆ ಕಲ್ಲಿನ ಮುಂದೆ ಯಾವ ಮಾತು ನಡೆದಿತ್ತು, ಯಾರು ಯಾರಿಗೆ ಕೊಟ್ಟದ್ದು ಎಂದು ಅಜ್ಜಿ ಹೇಳಿದ್ದರೆ, ಅಥವಾ ಅವರ ಓರಗೆಯವರು ಯಾರಾದರೂ ಬಲ್ಲರೆಂದಾದರೆ, ಮೊದಲು ಅದನ್ನು ಬರೆದುಕೊಳ್ಳಿ.